ಐದನೇ ನಂಬರಿನ ಕೈ

೬ ಫೆಬ್ರವರಿ

ಪ್ರೀತಿಯ ಚಿಕ್ಕಮ್ಮ,

ಮೊದಲು ಮದುವೆಯ ಸುದ್ದಿ, ಆಮೇಲೆ ಕೆಲಸದ ಸುದ್ದಿ ಬರೆಯೋಣ ಎಂದು ಕೂತೆ. ಎರಡೂ ಒಂದೇ ಆಗಿಬಿಟ್ಟಿವೆ, ನಾನೇನು ಮಾಡಲಿ!!!

ಮದುವೆಯಾಗಿ ಇವತ್ತಿಗೆ ಮೂವತ್ತೆಂಟು ದಿನ. ನಗಬೇಡ, ಎಣಿಸುತ್ತಿದ್ದೇನೆ. ನಾಲ್ಕನೇ ಮಹಡಿಯ ಮನೆ, ಎರಡೇ ಕೋಣೆ. ಕಿಟಕಿ ತೆಗೆದರೆ ಕೆಳಗಿನ ಲಾಂಡ್ರಿಯ ಸೋಪಿನ ಪರಿಮಳ. ಇವರಿಗೆ ದಿನವೂ ಒಂದೇ ಕಾಲುಚೀಲ ಸಿಗುತ್ತದೆ. ಇನ್ನೊಂದು ಎಲ್ಲಿ ಹೋಗುತ್ತದೆ ಎಂದು ಒಂದು ವಾರ ಸುಮ್ಮನೆ ಗಮನಿಸಿ ಕಂಡುಹಿಡಿದೆ. ಸೋಫಾದ ಹಿಂದೆ! "ಕೇಳಿದ್ರೆ ನಾನೇ ಹೇಳ್ತಿದ್ನಲ್ಲ" ಎಂದರು. "ಕೇಳಿದ್ರೆ ಬೀರುವಲ್ಲಿ ಅಂತಿದ್ರಿ" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನೋಡು, ನನ್ನ ಉದ್ಯೋಗ ಅಷ್ಟೇ. ಚಿಕ್ಕಪ್ಪ ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲ ಮರೆಯುತ್ತಾರೆ. ಈ ಪತ್ರ ಓದಿ ಹೇಳು. ಕಂಪನಿಗಳು ಯಂತ್ರ ಮಾಡುತ್ತವೆ, ಸಾಫ್ಟ್‌ವೇರ್ ಮಾಡುತ್ತವೆ. ಬಳಸುವವರು ಎಲ್ಲಿ ಎಡವುತ್ತಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಜನರನ್ನು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ, ಪಾಪ, ಮರ್ಯಾದೆಗೆ. ಅದಕ್ಕೇ ನಾವು ಪಕ್ಕದಲ್ಲಿ ಕೂತು ನೋಡುತ್ತೇವೆ. ಬಾಯಿ ಮುಚ್ಚಿಕೊಂಡು! ನಾನು! ಇವರಿಗೆ ಮೊದಲ ಭೇಟಿಯಲ್ಲೇ ನಾನು ಹೇಳಿದ ಮಾತು ಯಾವುದು ಗೊತ್ತಾ? ಬಳಸುವವರು ತಪ್ಪು ಮಾಡಿದರೆ ಅದು ಅವರ ತಪ್ಪಲ್ಲ, ಮಾಡಿಕೊಟ್ಟವರ ತಪ್ಪು. ಆ ಮಾತಿಗೇ ಬಿದ್ದೆ ಎಂದು ಇವರು ಈಗಲೂ ಹೇಳುತ್ತಾರೆ.

ಈಗ ಸ್ವಾರಸ್ಯ. ನಿಮ್ಮ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಓಡುವ ಸಾಫ್ಟ್‌ವೇರ್ ಇವರ ಕಂಪನಿಯದು, ಅದರ ಹೊಣೆ ಇವರದೇ. ಸಾಲು ಕರಗುವುದೇ ಇಲ್ಲ, ನಿಮ್ಮ ಸಾಫ್ಟ್‌ವೇರ್ ಬೇಡ ಎಂದು ಆಸ್ಪತ್ರೆ ಕೂಗಾಡುತ್ತಿದೆ. ಕಾರಣ ಹುಡುಕುವ ಕೆಲಸ ನಮ್ಮ ಪುಟ್ಟ ಆಫೀಸಿಗೆ ಬಂದಿದೆ. ಐದು ಜನರನ್ನು ನೋಡಬೇಕು. ನಾಲ್ವರು ಬೇರೆ ಆಸ್ಪತ್ರೆಗಳಲ್ಲಿ ಸಿಕ್ಕಿದ್ದಾರೆ. ಐದನೆಯವಳು ನೀನಾಗುತ್ತೀಯಾ? ನಾಲ್ಕು ದಿನ ನಿನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಹೆಸರು ಎಲ್ಲೂ ಬರುವುದಿಲ್ಲ, ಐದನೇ ನಂಬರ್ ಅಷ್ಟೇ. ಕ್ಯಾಮೆರಾಕ್ಕೆ ನಿನ್ನ ಕೈ, ಸ್ಕ್ರೀನು, ಇನ್ನೇನೂ ಇಲ್ಲ.

ಮನೆಯವರನ್ನು ಆರಿಸಬಾರದು ಎಂದು ನಮ್ಮಲ್ಲಿ ಒಂದು ನಿಯಮ ಉಂಟು. ನಮ್ಮ ಮೇಡಂಗೆ "ಗೊತ್ತಿರೋ ಒಬ್ರು" ಎಂದು ಮಾತ್ರ ಹೇಳಿದ್ದೇನೆ. ನೀನೂ ಹಾಗೇ ಅನ್ನು.

ನಿನ್ನ
ಪಿಟೀಲು

*

೧೨ ಫೆಬ್ರವರಿ

ಪಿಟೀಲು,

ನಾನು ಕ್ಷೇಮ. ನೀನು ಕ್ಷೇಮಕ್ಕಿಂತ ಒಂದು ಕೈ ಹೆಚ್ಚೇ ಇದ್ದೀಯ ಎಂದು ಪತ್ರ ಹೇಳುತ್ತದೆ. "ಇವರು" ಎಷ್ಟು ಸಲ ಬಂದಿದ್ದಾರೆ ಎಂದು ಎಣಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಚಿಕ್ಕಪ್ಪ ಓದಿ, "ಕಾಲುಚೀಲ ಹುಡುಕಿಕೊಡೋ ಕೆಲಸಕ್ಕೆ ಇಷ್ಟೆಲ್ಲಾ ಓದಬೇಕಿತ್ತಾ?" ಎಂದರು. ಲಿಫ್ಟ್ ರಿಪೇರಿಯವರಿಗೆ ಮೇಲೆ, ಕೆಳಗೆ ಬಿಟ್ಟರೆ ಬೇರೆ ದಿಕ್ಕು ತಿಳಿಯುವುದಿಲ್ಲ, ಮನಸ್ಸಿಗೆ ಹಾಕಿಕೊಳ್ಳಬೇಡ.

ನಮ್ಮ ಕೋಣೆ ನಿನ್ನ ಸೋಫಾಕ್ಕಿಂತ ಸ್ವಲ್ಪ ದೊಡ್ಡದು. ಎರಡು ಕಿಟಕಿ, ಎರಡು ಕಂಪ್ಯೂಟರ್, ಪಾಳಿಯಲ್ಲಿ ಐದು ಜನ. ಸ್ಟೂಲಿಗೆ ಜಾಗ ಮಾಡಿಕೊಡುತ್ತೇನೆ. ಫೋನ್ ಹೊರಗಿನ ಲಾಕರಿನಲ್ಲಿ ಇಡಬೇಕು, ಅದು ಎಲ್ಲರಿಗೂ ಕಾನೂನು.

ಒಂದು ವಿಷಯ. ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆಗೆ ಬಂದು ನೋಡಿದವರೆಲ್ಲ ತಪ್ಪು ಹುಡುಕಲು ಬಂದವರು. ಜೊತೆಯವರು ಹೆದರುತ್ತಾರೆ. ನನ್ನ ಮಗಳಂಥವಳು, ಅವಳ ಮುಂದೆ ಮುಚ್ಚಿಡುವುದು ಏನೂ ಬೇಡ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೇನೆ. ಅದನ್ನು ನೆನಪಿಟ್ಟುಕೊಂಡು ಬಾ.

ಚಿಕ್ಕಮ್ಮ

*

೨ ಮಾರ್ಚ್

ಚಿಕ್ಕಮ್ಮಾ!!!

ನೀನೊಂದು ಅದ್ಭುತ. ಆ ನಾಲ್ಕು ದಿನದ ಗುಂಗು ನನಗೆ ಇನ್ನೂ ಇಳಿದಿಲ್ಲ.

ಆ ಕೆಮ್ಮುವ ತಾತ ನೆನಪಿದ್ದಾರಾ? "ಈ ಮಾತ್ರೆ ಊಟಕ್ಕೆ ಮುಂಚೇನಾ, ಆಮೇಲಾ?" ಎಂದು ಕೇಳಿದರು. "ಊಟ ಮಾಡ್ತಿದ್ದೀರಾ ಅಂತ ಮೊದ್ಲು ಹೇಳಿ" ಎಂದು ನೀನು ಗದರಿದೆ. ಅವರು ತಲೆ ತಗ್ಗಿಸಿದರು. ನೀನು ಚೀಟಿ ಪಕ್ಕಕ್ಕಿಟ್ಟು ವೈದ್ಯರಿಗೆ ಫೋನ್ ಮಾಡಿಸಿ ಮಾತ್ರೆಯನ್ನೇ ಬದಲಿಸಿದೆ. ಯಾವ ಸಾಫ್ಟ್‌ವೇರ್‌ಗೆ ಈ ಪ್ರಶ್ನೆ ಹೊಳೆಯುತ್ತದೆ? ನನ್ನ ಪುಸ್ತಕದಲ್ಲಿ ಅದರ ಸುತ್ತ ಮೂರು ಗೆರೆ ಎಳೆದಿದ್ದೇನೆ.

ಮತ್ತೆ ಆ ಲಾಗಿನ್! ನಾನು ನೋಡುವವರೆಗೆ ನಂಬುತ್ತಲೇ ಇರಲಿಲ್ಲ. ಹೆಸರು ಹಾಕಬೇಕು, ಪಾಸ್‌ವರ್ಡ್ ಹಾಕಬೇಕು, ಆಮೇಲೆ ಒಂದು ಗುಪ್ತ ಸಂಖ್ಯೆ ನಿಮ್ಮ ಫೋನಿಗೆ ಬರುತ್ತದೆ. ಫೋನ್ ಎಲ್ಲಿ? ಓಣಿಯ ತುದಿಯ ಲಾಕರಿನಲ್ಲಿ! ಎದ್ದು ಹೋಗಿ, ಬೀಗ ತೆಗೆದು, ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡು ಓಡಿ ಬರುವಷ್ಟರಲ್ಲಿ ನಾಲ್ಕು ನಿಮಿಷ. ಒಳಗೆ ಹೋದ ಮೇಲೂ ಮೂರು ನಿಮಿಷ ಕೀಲಿ ಮುಟ್ಟದಿದ್ದರೆ ಸ್ಕ್ರೀನ್ ಮುಚ್ಚಿಕೊಂಡು ಎಲ್ಲಾ ಮೊದಲಿನಿಂದ ಶುರು. ನಾನು ಗಡಿಯಾರ ಹಿಡಿದು ಎರಡು ಸಲ ಅಳೆದೆ. ಫೋನ್ ಒಳಗೆ ಬರಬಾರದು ಎಂದವರಿಗೆ ಸಂಖ್ಯೆ ಫೋನಿಗೆ ಹೋಗುತ್ತದೆ ಎಂದು ಗೊತ್ತಿಲ್ಲ. ಸಂಖ್ಯೆ ಕಳಿಸುವವರಿಗೆ ಫೋನ್ ಹೊರಗಿದೆ ಎಂದು ಗೊತ್ತಿಲ್ಲ. ಮೀಟಿಂಗ್ ಕೋಣೆಯಲ್ಲಿ ಕೂತು ಹತ್ತು ವರ್ಷ ಯೋಚಿಸಿದರೂ ಇದು ಸಿಗುವುದಿಲ್ಲ. ಸ್ಟೂಲಿನ ಮೇಲೆ ಕೂತರೆ ಅರ್ಧ ದಿನ ಸಾಕು!

ನೀನು ಅದಕ್ಕೆ ಮಾಡಿದ ಉಪಾಯ! ಬೆಳಿಗ್ಗೆ ಎರಡೂ ಕಂಪ್ಯೂಟರನ್ನು ನಿನ್ನ ಹೆಸರಿನಲ್ಲಿ ತೆಗೆದಿಡುವುದು, ಐದೂ ಜನ ಅದರಲ್ಲೇ ದಿನ ಕಳೆಯುವುದು. ಮಾತ್ರೆ ಎಣಿಸುತ್ತಾ ಎಣಿಸುತ್ತಾ ಆ ಸೊಟ್ಟ ಕಿರುಬೆರಳಿನಿಂದ ಕೀಲಿಯನ್ನು ಟಕ್ ಎಂದು ತಟ್ಟಿ ಸ್ಕ್ರೀನನ್ನು ಎಚ್ಚರವಾಗಿ ಇಡುವುದು. "ನನ್ನ ಹೆಸರಲ್ಲಿ ತೆಗೆದಿಟ್ರೆ ಎಲ್ರಿಗೂ ಆಯ್ತು. ಜನ ನಿಂತಿರ್ತಾರಲ್ಲ, ಅವರ ಕಾಲು ನೋಯಲ್ವಾ?" ಎಂದೆಯಲ್ಲ, ನನಗೆ ಅಲ್ಲೇ ಎದ್ದು ಅಪ್ಪಿಕೊಳ್ಳಬೇಕು ಅನ್ನಿಸಿತು. ನಿಯಮ ಬಿಡಲಿಲ್ಲ.

ಇವರಿಗೆ ಎಲ್ಲಾ ಹೇಳಿದೆ. ಸಂಜೆ ಮನೆಗೆ ಬಂದವರು ಶೂ ಕೂಡ ಬಿಚ್ಚದೆ ಕೂತು ಕೇಳಿದರು ಚಿಕ್ಕಮ್ಮ. ದಿನಾ ಹೀಗೇ. "ಇವತ್ತು ಏನಾಯ್ತು ಹೇಳು" ಎನ್ನುತ್ತಾರೆ, ಆಮೇಲೆ ಒಂದು ಮಾತೂ ಅಡ್ಡ ಹಾಕುವುದಿಲ್ಲ. ನನ್ನ ಗೆಳತಿಯರ ಗಂಡಂದಿರಲ್ಲಿ ಒಬ್ಬರಾದರೂ ಹೀಗಿದ್ದಾರಾ?

ಲಾಗಿನ್ ಸರಿ ಹೋಗುತ್ತದೆ, ನೋಡುತ್ತಿರು. ಸರಿಯಾದ ದಿನ ನಿನಗೊಂದು ದೊಡ್ಡ ಕೇಕ್ ತರುತ್ತೇನೆ.

ನಿನ್ನ
ಪಿಟೀಲು

*

೨೯ ಮಾರ್ಚ್

ಪಿಟೀಲು,

ಬರೆಯಲು ತಡವಾಯಿತು. ಈಗ ಬೆಳಗಿನ ಹೊತ್ತೆಲ್ಲ ಮನೆಯಲ್ಲೇ ಇರುತ್ತೇನೆ, ಆದರೂ ತಡವಾಯಿತು. ಬೀರುವಿನ ಮೇಲಿನ ಧೂಳು ಹೊಡೆದೆ. ಚಿಕ್ಕಪ್ಪನ ಸ್ಕ್ರೂಗಳನ್ನೆಲ್ಲ ಗಾತ್ರದ ಪ್ರಕಾರ ಡಬ್ಬಿಗಳಿಗೆ ಹಾಕಿದೆ. ಅವರಿಗೆ ಈಗ ಏನೂ ಸಿಗುತ್ತಿಲ್ಲವಂತೆ.

ಒಂದು ಕೇಳಬೇಕಿತ್ತು. ಆ ನಾಲ್ಕು ದಿನ ನೀನು ತೆಗೆದ ವಿಡಿಯೊ ಯಾರ ಹತ್ತಿರ ಇದೆ? ನಿನ್ನನ್ನು ಬಿಟ್ಟು ಬೇರೆ ಯಾರಾದರೂ ನೋಡಿದ್ದಾರಾ? ಯೋಚಿಸಿ ಬರಿ. ಅವಸರ ಇಲ್ಲ.

ಚಿಕ್ಕಮ್ಮ

*

೩ ಏಪ್ರಿಲ್

ನನ್ನ ಮುದ್ದು ಚಿಕ್ಕಮ್ಮ,

ಅಂತೂ ರಜೆ ಹಾಕಿದೆಯಾ! ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಇರಬೇಕು! ನಾಲ್ಕು ದಿನ ನಿನ್ನ ಪಕ್ಕ ಕೂತು ನಾನೇ ಸುಸ್ತಾಗಿದ್ದೆ, ನಿನಗೆ ಎಷ್ಟು ಆಯಾಸವಾಗಿರಬೇಡ. ಚೆನ್ನಾಗಿ ನಿದ್ದೆ ಮಾಡು. ಚಿಕ್ಕಪ್ಪನ ಸ್ಕ್ರೂಗಳ ಗೊಡವೆಗೆ ಹೋಗಬೇಡ.

ವಿಡಿಯೊ ನನ್ನ ಹತ್ತಿರ ಭದ್ರವಾಗಿದೆ. ನನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ನೋಡಿಲ್ಲ. ನೀನು ಇದನ್ನು ಕೇಳುವುದೂ ಸರಿಯೇ. ಬಳಸುವವರು ಹೀಗೆ ಧೈರ್ಯವಾಗಿ ಕೇಳಬೇಕು ಎಂದು ನಾವೇ ಹೇಳಿಕೊಡುತ್ತೇವೆ.

ಈಗ ನನ್ನ ಸುದ್ದಿ. ಇವರ ಕಂಪನಿಗೂ ನಿಮ್ಮ ಆಸ್ಪತ್ರೆಗೂ ಇನ್ನು ಮೂರು ವರ್ಷದ ಒಪ್ಪಂದ ಆಗಿದೆ! ಕೈಬಿಟ್ಟೇ ಹೋಗಿದ್ದದ್ದು! ಇವರು ಮನೆಗೆ ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. "ನಿನ್ನ ನಾಲ್ಕು ದಿನದ ಕೆಲಸ ಮೂರು ವರ್ಷ ಉಳಿಸ್ತು ಕಣೇ" ಎಂದರು. ಇಂಥ ಅಧ್ಯಯನ ದಂಡ, ಲಾಭ ಏನು ತೋರಿಸಿ ಎಂದು ಸದಾ ಮೂಗು ಮುರಿಯುತ್ತಿದ್ದ ಇವರ ಮೇಲಧಿಕಾರಿ ನಮ್ಮ ಮೇಡಂಗೆ ತಾವಾಗಿಯೇ ಫೋನ್ ಮಾಡಿ ಹೊಗಳಿದರಂತೆ. ನೋಡಿದೆಯಾ, ನಿನ್ನ ಕಿರುಬೆರಳಿಗೆ ಎಷ್ಟು ಬೆಲೆ!

ಮುಂದಿನ ವಾರ ಇಬ್ಬರೂ ಸಮುದ್ರ ನೋಡಲು ಹೊರಟಿದ್ದೇವೆ. ನನಗೆ ಖುಷಿ ತಡೆಯಲು ಆಗುತ್ತಿಲ್ಲ. ಏನು ತರಲಿ ಹೇಳು?

ನಿನ್ನ
ಪಿಟೀಲು

*

೮ ಏಪ್ರಿಲ್

ಪತ್ರ ಬಂತು. ನಿನ್ನನ್ನು ಬಿಟ್ಟು ಯಾರೂ ನೋಡಿಲ್ಲ ಎಂದು ಬರೆದಿದ್ದೀಯ. ಸರಿ.

ಏನೂ ತರಬೇಡ. ಸಮುದ್ರದಲ್ಲಿ ಜಾಸ್ತಿ ದೂರ ಹೋಗಬೇಡಿ.

ಚಿಕ್ಕಮ್ಮ

*

೧೧ ಮೇ

ಚಿಕ್ಕಮ್ಮ,

ಈ ಪತ್ರ ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಒಂದು ತಿಂಗಳು ನಿನಗೆ ಬರೆಯಲಿಲ್ಲ. ಸಮುದ್ರ, ಆಮೇಲೆ ಬೇರೆ ಕೆಲಸ. ನಿನ್ನ ಎರಡು ಸಾಲಿನ ಪತ್ರವನ್ನು ಚಿಕ್ಕಪ್ಪನಿಗೆ ಕೊಟ್ಟು ಅಂಚೆಗೆ ಹಾಕಿಸುವ ಅವಸರದಲ್ಲಿ ಬರೆದದ್ದು ಎಂದುಕೊಂಡಿದ್ದೆ.

ನಿನ್ನೆ ನಿಮ್ಮ ಆಸ್ಪತ್ರೆಗೆ ಹೋಗಿದ್ದೆ. ಲಾಗಿನ್ ಬದಲಾಗಿದೆಯೇ ಎಂದು ನೋಡೋಣ, ನಿನಗೆ ಹೇಳದೆ ಹೋಗಿ ಚಕಿತಗೊಳಿಸೋಣ ಎಂದುಕೊಂಡು. ನಿನ್ನ ಕುರ್ಚಿಯಲ್ಲಿ ಯಾರೋ ಹೊಸಬಳು. ನಿನ್ನ ಜೊತೆಯ ಆ ಕನ್ನಡಕದವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ಕೇಳಿದ್ದಕ್ಕೆ, "ನಿಮ್ ವಿಡಿಯೊ ಚೆನ್ನಾಗಿತ್ತಂತೆ ಮೇಡಂ. ನಾವ್ ನೋಡಿಲ್ಲ, ನಮಗೆ ತೋರಿಸಿಲ್ಲ" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಮಾರ್ಚ್ ಹದಿನಾರರಿಂದ ಅಮ್ಮ ಮನೇಲಿದ್ದಾರೆ. ನಿಮಗೆ ಗೊತ್ತಿಲ್ವಾ?" ಎಂದಳು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಲಾಗಿನ್ ಹಾಗೇ ಇದೆ. ಒಂದು ಅಕ್ಷರವೂ ಬದಲಾಗಿಲ್ಲ. ನಾನು ನೋಡುತ್ತಿದ್ದಂತೆ ಹೊಸಬಳು ಎದ್ದು ಲಾಕರಿಗೆ ಓಡಿದಳು.

ಮನೆಗೆ ಬಂದು ಅವರನ್ನು ಕೇಳಿದೆ. ಮುಚ್ಚಿಡಲೂ ಇಲ್ಲ. "ಹೌದು, ತೋರಿಸ್ದೆ. ಮುಖ ಎಲ್ಲಿತ್ತು ಅದರಲ್ಲಿ? ಹೆಸರು ಎಲ್ಲಿತ್ತು? ನಿನ್ನ ನಿಯಮ ಒಂದನ್ನೂ ನಾನು ಮುರಿದಿಲ್ಲ" ಎಂದರು. ಆಸ್ಪತ್ರೆಯವರಿಗೆ ಅವರು ಹೇಳಿದ್ದು ಇದು: ಸಾಲು ನಿಧಾನವಾಗುವುದು ನಮ್ಮ ಸಾಫ್ಟ್‌ವೇರಿನಿಂದ ಅಲ್ಲ, ನಿಮ್ಮ ನೌಕರರು ಒಬ್ಬರ ಹೆಸರಿನಲ್ಲಿ ಎಲ್ಲರೂ ಕೂರುವುದರಿಂದ. ಯಾರು ಎಷ್ಟು ಕೆಲಸ ಮಾಡುತ್ತಾರೆ ಎಂದು ನಮ್ಮ ಲೆಕ್ಕಕ್ಕೇ ಸಿಗುತ್ತಿಲ್ಲ. ಮೊದಲು ನಿಮ್ಮ ಶಿಸ್ತು ನೋಡಿಕೊಳ್ಳಿ. ಹೀಗೆ ಹೇಳಿ ಒಪ್ಪಂದಕ್ಕೆ ಸಹಿ ಹಾಕಿಸಿದ್ದಾರೆ. "ಅವರು ನನ್ನ ಚಿಕ್ಕಮ್ಮ" ಎಂದೆ. "ಅದೇ ಹೇಳ್ತಿರೋದು, ನಾನು ಹೆಸರು ಹೇಳಿಲ್ಲ. ಅವರೇ ಗುರುತು ಹಿಡಿದ್ರೆ ನಾನೇನು ಮಾಡ್ಲಿ?" ಎಂದರು. ಆಮೇಲೆ, ತಟ್ಟೆ ತೊಳೆಯುತ್ತಾ, "ಆಗಲೇ ಹೇಳಿದ್ರೆ ನಿನ್ನ ಖುಷಿ ಹಾಳಾಗ್ತಿತ್ತು" ಎಂದರು.

ನಾನು ಹಾಸಿಗೆಯ ಮೇಲೆ ಕೂತು ಆ ಸಮುದ್ರದ ನಾಲ್ಕು ದಿನವನ್ನು ಒಂದೊಂದಾಗಿ ನೆನೆಸಿಕೊಂಡೆ. ಅಲೆ ಬಂದಾಗ ನನ್ನ ಕೈ ಹಿಡಿದುಕೊಂಡಿದ್ದಾಗಲೂ ಅವರಿಗೆ ಗೊತ್ತಿತ್ತು.

ಚಿಕ್ಕಮ್ಮ, ಅವರು ಅದನ್ನು ನನ್ನ ಲ್ಯಾಪ್‌ಟಾಪಿನಿಂದ ತೆಗೆದುಕೊಂಡಿದ್ದಾರೆ. ನಾನು ಬೀಗ ಹಾಕಿ ಇಡಬೇಕಿತ್ತು. ನನ್ನನ್ನು ಕ್ಷಮಿಸು. ನನಗೂ ನಿನ್ನಷ್ಟೇ ಮೋಸವಾಗಿದೆ.

ಪಿಟೀಲು

*

೧೫ ಮೇ

ಪಿಟೀಲು,

ಅಳು ಮುಗಿದ ಮೇಲೆ ಇದನ್ನು ಓದು.

ಮಾರ್ಚ್ ಹದಿನಾರರಂದು ಸೂಪರಿಂಟೆಂಡೆಂಟ್ ತಮ್ಮ ಕೋಣೆಗೆ ಕರೆಸಿದರು. ದೊಡ್ಡ ಪರದೆ, ನಾಲ್ಕು ಕುರ್ಚಿ. ಕೂರಿ ಎಂದರು. ಅದು ಕೆಟ್ಟ ಸುದ್ದಿ ಎಂದು ಆಗಲೇ ಗೊತ್ತಾಯಿತು, ಅವರು ಯಾರಿಗೂ ಕೂರಿ ಎನ್ನುವವರಲ್ಲ. ಪರದೆಯ ಮೇಲೆ ಒಂದು ಕೈ ಬಂತು. ಮೊದಲು ನನ್ನದೆಂದು ನನಗೇ ತಿಳಿಯಲಿಲ್ಲ, ಅಷ್ಟು ದೊಡ್ಡದಾಗಿತ್ತು. ಆಮೇಲೆ ಕಿರುಬೆರಳು ಟಕ್ ಎಂದಿತು.

ಹದಿನೆಂಟು ವರ್ಷದ ಹಿಂದೆ ಆ ಬೆರಳು ಸಿಕ್ಕಿಕೊಂಡದ್ದು ಅದೇ ಆಸ್ಪತ್ರೆಯ ಶೀತಪೆಟ್ಟಿಗೆಯ ಬಾಗಿಲಿಗೆ. ಕಟ್ಟು ಹಾಕಿದ್ದೂ ಅಲ್ಲೇ. ಅದು ಯಾರ ಕೈ ಎಂದು ಅಲ್ಲಿ ಕಸ ಗುಡಿಸುವವರಿಗೂ ಗೊತ್ತು. ನೀನು ಮುಖ ಬಿಟ್ಟು ಕೈ ತೆಗೆದೆ. ನಮ್ಮಲ್ಲಿ ಕಿಟಕಿಯ ಕಂಡಿಯಲ್ಲಿ ಜನಕ್ಕೆ ಕಾಣುವುದೇ ಕೈ. ಮುಖ ಯಾರು ನೋಡಿದ್ದಾರೆ?

ನಿಮ್ಮ ಹೆಸರಿನಲ್ಲಿ ಯಾರ್ಯಾರು ಕೂರುತ್ತಿದ್ದರು, ಹೆಸರು ಬರೆದುಕೊಡಿ ಎಂದರು. ಬರೆಯಲಿಲ್ಲ. ಅವತ್ತಿನಿಂದ ಮನೆಯಲ್ಲಿದ್ದೇನೆ. ಇದೇ ಇಪ್ಪತ್ತೆಂಟಕ್ಕೆ ವಿಚಾರಣೆ. ಕೆಲಸದಿಂದ ತೆಗೆಯಬೇಕೋ ಬೇಡವೋ ಅವತ್ತು ಹೇಳುತ್ತಾರೆ.

ಇಷ್ಟು ನಿನಗೆ ಆಗಲೇ ಬರೆಯಬಹುದಿತ್ತು. ಯಾಕೆ ಬರೆಯಲಿಲ್ಲ ಎಂದರೆ, ನೀನಾಗಿ ಹೇಳುತ್ತೀಯೇನೋ ಎಂದು ಕಾದೆ. ಆ ಚಿತ್ರ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸಾಲು ಬಂತು: "ಐದನೇ ನಂಬರಿನ ಜಾಣತನ ನೋಡಿ!!!" ಮೂರು ಉದ್ಗಾರ. ಲ್ಯಾಪ್‌ಟಾಪಿನಿಂದ ಕದ್ದವರು ಹಾಗೆ ತಲೆಬರಹ ಬರೆಯುವುದಿಲ್ಲ. ನಿನ್ನನ್ನು ಏಳನೇ ವಯಸ್ಸಿನಿಂದ ಓದುತ್ತಿದ್ದೇನೆ.

ಯಾರೂ ನೋಡಿಲ್ಲ ಎಂದು ನೀನು ಬರೆದ ದಿನಕ್ಕೆ ನಾನು ಅದನ್ನು ನೋಡಿ ಹದಿನೆಂಟು ದಿನ ಆಗಿತ್ತು.

ಚಿಕ್ಕಮ್ಮ

*

೧೮ ಮೇ

ಚಿಕ್ಕಮ್ಮ,

ನಾನೇ ಕೊಟ್ಟೆ.

ಆವತ್ತು ಸಂಜೆ ಹೇಳುತ್ತಾ ಹೇಳುತ್ತಾ ತಡೆಯಲಾಗದೆ ತೋರಿಸಿದೆ. ಅವರು ಚಪ್ಪಾಳೆ ತಟ್ಟಿದರು. "ಇದರಲ್ಲಿ ಒಂದು ನಿಮಿಷದ ತುಂಡು ಮಾಡಿಕೊಡು. ನಮ್ಮ ಹುಡುಗರಿಗೆ ತೋರಿಸಿದ್ರೆ ಇದೇ ವಾರ ಲಾಗಿನ್ ಸರಿ ಮಾಡ್ತಾರೆ" ಎಂದರು. ನಾನು ಕೂತು ತುಂಡು ಮಾಡಿದೆ, ತಲೆಬರಹ ಬರೆದೆ. ನಿನ್ನ ಬಗ್ಗೆ ಜಂಬವಿತ್ತು. ಅವರು ನನ್ನ ಕೆಲಸ ಮೆಚ್ಚಲಿ ಎಂದೂ ಇತ್ತು. ಯಾವುದು ಹೆಚ್ಚಿತ್ತು ಎಂದು ಈಗ ಹೇಳಲಾರೆ.

ಇನ್ನೊಂದು ಇದೆ, ಇದನ್ನು ಬರೆಯಲು ಎರಡು ದಿನ ಹಿಡಿಯಿತು. ನೀನು ಲಾಕರಿಗೆ ಎದ್ದು ಹೋದ ಭಾಗ ನನ್ನ ಹತ್ತಿರ ಇತ್ತು. ನಾಲ್ಕು ನಿಮಿಷ ಖಾಲಿ ಕುರ್ಚಿ, ಕಂಡಿಯ ಆಚೆ ಸಾಲಿನ ಗೊಣಗಾಟ. ಖಾಲಿ ಕುರ್ಚಿಯನ್ನು ಯಾರು ನೋಡುತ್ತಾರೆ, ಬೇಸರ ಬರುತ್ತದೆ ಎಂದು ನಾನೇ ಕತ್ತರಿಸಿ ಹಾಕಿದೆ. ಉಳಿದದ್ದು ನಿನ್ನ ಕೈ, ನಿನ್ನ ಮಾತು. ಕಾರಣವನ್ನು ಕತ್ತರಿಸಿ ತಪ್ಪನ್ನು ಮಾತ್ರ ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಳಸಿದರು, ಅಷ್ಟೇ.

ಪೂರ್ತಿ ವಿಡಿಯೊ ಈಗಲೂ ಇದೆ. ಇಪ್ಪತ್ತೆಂಟಕ್ಕೆ ನಾನು ಬಂದು ಅದನ್ನು ಹಾಕಿ ತೋರಿಸುತ್ತೇನೆ. ನಾಲ್ಕೂ ದಿನದ್ದು, ಒಂದು ಕ್ಷಣವೂ ಬಿಡದೆ. ನಮ್ಮ ಮೇಡಂಗೆ ಎಲ್ಲಾ ಒಪ್ಪಿಕೊಂಡೆ. ಅವರು ಕೂಗಲಿಲ್ಲ. "ಮನೆಯವರನ್ನ ಯಾಕೆ ಆರಿಸಬಾರದು ಅಂತ ಈಗ ಗೊತ್ತಾಯ್ತಾ? ಅವರು ನಿನ್ನ ಹತ್ರ ಬೇಡ ಅನ್ನಲ್ಲ, ಅದಕ್ಕೆ" ಎಂದರು.

ಪಿಟೀಲು

*

೨೧ ಮೇ

ಪಿಟೀಲು,

ವಿಡಿಯೊ ತರಬೇಡ. ಪೂರ್ತಿ ತೋರಿಸಿದರೆ ನನ್ನ ಕುರ್ಚಿಯಲ್ಲಿ ಆಮೇಲೆ ಕೂತ ಕೈಗಳೂ ಕಾಣುತ್ತವೆ. ಉಂಗುರದ್ದು ಒಂದು, ಸುಟ್ಟ ಗಾಯದ್ದು ಒಂದು, ಉಗುರು ಕಚ್ಚುವವಳದ್ದು ಒಂದು, ಎಡಗೈಯವನದ್ದು ಒಂದು. ಸೂಪರಿಂಟೆಂಡೆಂಟ್ ಎರಡು ತಿಂಗಳಿಂದ ಹುಡುಕುತ್ತಿರುವುದು ಅದನ್ನೇ. ನನ್ನನ್ನು ಉಳಿಸಲು ಹೋಗಿ ನಾಲ್ಕು ಮನೆಯ ಬಾಗಿಲಿಗೆ ಅವರನ್ನು ಕಳಿಸಬೇಡ. ಜೊತೆಯವರ ಮುಂದೆ ನಿನ್ನ ಪರವಾಗಿ ಮಾತು ಕೊಟ್ಟವಳು ನಾನು.

ಬೇಕೆಂದಾಗ ಬೇಡ ಎನ್ನಬಹುದು, ಎಲ್ಲಾ ಅಳಿಸಿಬಿಡುತ್ತೇವೆ ಎಂದು ಸ್ಟೂಲಿನ ಮೇಲೆ ಕೂರುವ ಮೊದಲು ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದೆಯಲ್ಲ. ಬೇಡ ಎನ್ನುತ್ತಿದ್ದೇನೆ. ಅಳಿಸು.

ಚಿಕ್ಕಪ್ಪ ನಿನ್ನ ಗಂಡನ ಬಗ್ಗೆ ಹೇಳಿದ ಮಾತನ್ನು ಕಾಗದದ ಮೇಲೆ ಬರೆಯಲು ಬರುವುದಿಲ್ಲ.

ಚಿಕ್ಕಮ್ಮ

*

೨ ಜೂನ್

ಚಿಕ್ಕಮ್ಮ,

ನೀನು ಅಲ್ಲೇ ಇದ್ದೆ, ಎಲ್ಲಾ ನೋಡಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಆವತ್ತು ನೀನು ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿನಗೆ ಗೊತ್ತಾಗಲಿ.

ಇಪ್ಪತ್ತನಾಲ್ಕಕ್ಕೆ ಎಲ್ಲಾ ಅಳಿಸಿದೆ. ವಿಡಿಯೊ, ಪುಸ್ತಕದ ಹಾಳೆಗಳು, ನಕಲುಗಳು. ನಾಲ್ಕು ದಿನದ ಕೆಲಸ ಹೋಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಅವರ ಹತ್ತಿರ ಇರುವ ಒಂದು ನಿಮಿಷದ ತುಂಡು ಹೋಗಲಿಲ್ಲ. ಅದು ಕಂಪನಿಯದಂತೆ.

ವಿಚಾರಣೆಗೆ ಕೂತಿದ್ದ ಮೂವರಿಗೆ ನಾನು ಲಾಗಿನ್ ವಿಷಯ ಹೇಳಿದಾಗ ಸೂಪರಿಂಟೆಂಡೆಂಟ್, "ಪುರಾವೆ?" ಎಂದರು. ಅಳಿಸಿದ್ದೇನೆ ಎಂದೆ. "ಹಾಗಾದ್ರೆ ಬರೀ ಮಾತು" ಎಂದು ಪೆನ್ನಿನ ಮುಚ್ಚಳ ಹಾಕಿದರು.  ಆಗ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡುವುದೊಂದೇ ನನಗೆ ಬರುವ ಕೆಲಸ ಎನ್ನುವುದು ನೆನಪಾಯಿತು. "ಸರ್, ನೀವು ಮೂರೂ ಜನ ಒಂದ್ಸಲ ಕಿಟಕಿಗೆ ಬಂದು ಲಾಗಿನ್ ಮಾಡಿ. ನಾನು ಏನೂ ಮಾತಾಡಲ್ಲ" ಎಂದೆ.

ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು, ನನ್ನ ಬಾಯಿ ಮುಚ್ಚಿಸಲು ಇರಬೇಕು. ಫೋನನ್ನು ಲಾಕರಿನಲ್ಲಿ ಇಡಿಸಿದೆ. ಮೊದಲನೆಯವರು ಪಾಸ್‌ವರ್ಡ್ ಹಾಕಿದರು, ಸಂಖ್ಯೆ ಎಲ್ಲಿ ಎಂದು ನನ್ನನ್ನು ನೋಡಿದರು. ನಾನು ಮಾತಾಡಲಿಲ್ಲ. ಎದ್ದು ಲಾಕರಿಗೆ ಹೋದರು. ಕಂಡಿಯ ಆಚೆ ಒಬ್ಬ ಹೆಂಗಸು, "ಸಾರ್, ಮಗು ಅಳ್ತಿದೆ, ಬೇಗ" ಎಂದಳು. ಅವರು ಬಂದು ಸಂಖ್ಯೆ ಹಾಕಿ, ಅವಳ ಚೀಟಿ ಓದಿ ಮಾತ್ರೆ ಹುಡುಕುವಷ್ಟರಲ್ಲಿ ಸ್ಕ್ರೀನ್ ಮತ್ತೆ ಮುಚ್ಚಿತು. ಸೂಪರಿಂಟೆಂಡೆಂಟ್ ತಮ್ಮ ಸರದಿಯಲ್ಲಿ ಸಂಖ್ಯೆ ಮರೆತು ಎರಡು ಸಲ ಓಡಿದರು. ಏಳು ನಿಮಿಷಕ್ಕೆ ತೆರೆಯಿತು. ಸಾಲು ಬಾಗಿಲು ದಾಟಿತ್ತು. ಮೂರನೆಯವರು ಎದ್ದೇಳಲೇ ಇಲ್ಲ. ಸೂಪರಿಂಟೆಂಡೆಂಟರ ಕಡೆ ತಿರುಗಿ, "ನಿಮ್ಮದು ತೆಗೆದಿದೆಯಲ್ಲ ಸಾರ್, ಅದರಲ್ಲೇ ನೋಡ್ತೀನಿ ಬಿಡಿ" ಎಂದರು.  ಕನ್ನಡಕದವಳು ನಗು ತಡೆಯಲು ಮಾತ್ರೆಯ ಡಬ್ಬಿಗಳ ಹಿಂದೆ ಹೋದಳು. ನಾನು ನಿನ್ನ ಮುಖ ನೋಡಿದೆ. ನೀನು ಸಾಲಿನಲ್ಲಿದ್ದ ಮಗುವನ್ನು ನೋಡುತ್ತಿದ್ದೆ.

ಇನ್ನು ಅವರ ವಿಷಯ. ಕಂಪನಿಯ ಪರವಾಗಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಓಣಿಯಲ್ಲಿ ನನ್ನ ಹಿಂದೆಯೇ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಹೊಳೆಯುತ್ತಿತ್ತು. "ಎಷ್ಟು ಚೆನ್ನಾಗಿ ಮಾಡ್ದೆ ಕಣೇ! ದೊಡ್ಡವರನ್ನೇ ಕೂರಿಸಿ ತೋರಿಸೋದು! ಇದನ್ನ ಎಲ್ಲಾ ಆಸ್ಪತ್ರೆಗಳಲ್ಲೂ ಮಾಡೋಣ, ಇದಕ್ಕೊಂದು ಹೆಸರಿಡೋಣ" ಎಂದರು. ನಿಜವಾದ ಮೆಚ್ಚುಗೆ, ಚಿಕ್ಕಮ್ಮ. ಎಳ್ಳಷ್ಟೂ ನಟನೆ ಇರಲಿಲ್ಲ. ನಾನು ಮದುವೆಯಾದದ್ದು ಆ ಮೆಚ್ಚುಗೆಯನ್ನೇ.

ಈಗಲೂ ಅದೇ ಮನೆಯಲ್ಲಿದ್ದೇನೆ. ಮುಂದೇನು ಎಂದು ಗೊತ್ತಿಲ್ಲ. ಸಂಜೆ ಬಂದು ಕೂತು, "ಇವತ್ತು ಏನಾಯ್ತು ಹೇಳು" ಎನ್ನುತ್ತಾರೆ. ಏನಿಲ್ಲ ಎನ್ನುತ್ತೇನೆ. ಅವರಿಗೆ ಅದು ನಿಜವೆಂದೇ ಅನ್ನಿಸುತ್ತದೆ.

ನಿನ್ನ ವಿಷಯ ಏನು ತೀರ್ಮಾನವಾಯಿತು ಎಂದು ಬರೆಯುತ್ತೀಯಾ? ನಾನು ಭಾನುವಾರ ಬರಲಾ?

ಪಿಟೀಲು

*

೧೦ ಜೂನ್

ಪಿಟೀಲು,

ತೀರ್ಮಾನ ನಿನ್ನೆ ಕೈಗೆ ಬಂತು. ಕೆಲಸದಿಂದ ತೆಗೆಯುವುದಿಲ್ಲ. ಹೆಸರನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು ತಪ್ಪೇ, ಆದ್ದರಿಂದ ಕಿಟಕಿಯ ಕೆಲಸ ಇನ್ನು ನನಗಿಲ್ಲ. ನೆಲಮಾಳಿಗೆಯ ದಾಸ್ತಾನು ಕೋಣೆಗೆ ಹಾಕಿದ್ದಾರೆ. ಪೆಟ್ಟಿಗೆ ಬರುತ್ತವೆ, ಎಣಿಸುತ್ತೇನೆ, ಮೇಲೆ ಕಳಿಸುತ್ತೇನೆ. ಜನ ಯಾರೂ ಬರುವುದಿಲ್ಲ. ಕೆಮ್ಮುವ ತಾತ ಮೇಲೆ ಬಂದು ನನ್ನನ್ನು ಕೇಳಿದರಂತೆ. ವರ್ಗವಾಗಿದೆ ಎಂದು ಹೇಳಿದ್ದಾರೆ. ಲಾಗಿನ್ ಬದಲಿಸಲು ಕಂಪನಿಗೆ ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಜೊತೆಯವರ ಹೆಸರು ಯಾರಿಗೂ ಸಿಗಲಿಲ್ಲ.

ನೀನು ಆವತ್ತು ಬಂದದ್ದು ಒಳ್ಳೆಯದಾಯಿತು. ಅಳಿಸು ಎಂದದ್ದನ್ನು ಅಳಿಸಿದ್ದೂ ಒಳ್ಳೆಯದಾಯಿತು. ಇದನ್ನು ನಾನು ಹೇಳದೆ ಇದ್ದರೆ ನೀನು ಹೇಳಿಸಿಕೊಳ್ಳುವವರೆಗೆ ಬಿಡುವುದಿಲ್ಲ, ಆದ್ದರಿಂದ ಬರೆದಿದ್ದೇನೆ. ನನ್ನ ಮನಸ್ಸು ಸರಿಯಾಗಿದೆ ಎಂದು ಇದರ ಅರ್ಥ ಅಲ್ಲ. ಕೋಪ ಇಳಿದ ಮೇಲೂ ಏನೋ ಉಳಿದಿದೆ. ಅದಕ್ಕೆ ಏನು ಹೆಸರು ಎಂದು ನನಗೆ ಗೊತ್ತಿಲ್ಲ. ನಿನ್ನ ಗಂಡನನ್ನು ಕೇಳಬೇಡ, ಅವನು ಒಂದು ಇಟ್ಟುಬಿಡುತ್ತಾನೆ.

ಭಾನುವಾರ ಬಾ. ಒಬ್ಬಳೇ ಬರುತ್ತೀಯೋ ಇಬ್ಬರೂ ಬರುತ್ತೀರೋ ಅದು ನಿನ್ನ ವಿಷಯ. ಚಿಕ್ಕಪ್ಪ ಹೊರಗಿನ ಕೋಣೆಯಲ್ಲಿ ಇರುತ್ತಾರೆ, ಅವರ ಜೊತೆ ಕೂತಿರು. ಊಟಕ್ಕೆ ನಾನೇ ಕರೆಯುತ್ತೇನೆ. ಅಲ್ಲಿಯವರೆಗೆ ಅಡುಗೆಮನೆಗೆ ಬರಬೇಡ. ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ನನಗೀಗ ಮರೆತುಹೋಗುತ್ತದೆ.

ಚಿಕ್ಕಮ್ಮ